ಸ್ಪಂಜಿನ ಎಸ್‌ಟಿಪಿ: ನಮ್ಮ ಅಪಾರ್ಟ್‌ಮೆಂಟಿನ ಒಂದು ವರ್ಷದ ಅನುಭವ

ವರ್ತೂರು ಸಮೀಪದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹಳೆಯ ಎಸ್‌ಟಿಪಿಯ (ಕೊಳಚೆ ನೀರು ಶುದ್ಧೀಕರಿಸುವ ಘಟಕದ) ಬ್ಲೋವರ್, ಅಂದರೆ ನೀರಿಗೆ ಗಾಳಿ ಊದುವ ಯಂತ್ರ, ಹಗಲಿರುಳು ಮೊರೆಯುತ್ತಿತ್ತು. ನೆಲಮಹಡಿಯವರು ಸಂಘದ ಪ್ರತಿ ಸಭೆಯಲ್ಲೂ ಅದೇ ಮಾತು ಎತ್ತುತ್ತಿದ್ದುದರಿಂದ ಕಳೆದ ವರ್ಷ ಸ್ಪಂಜು ತೂಗುಹಾಕಿದ ಘಟಕವೊಂದನ್ನು ಹಾಕಿಸಿದೆವು. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೆ ಈ ಅಭಿಪ್ರಾಯ ಬರೆಯುತ್ತಿದ್ದೇನೆ.

ಕೊಳಚೆ ನೀರು ಮೊದಲು ಗಾಳಿಯಾಡದ ತೊಟ್ಟಿಯಲ್ಲಿ ಅರ್ಧ ಶುದ್ಧವಾಗಿ, ಪಂಪಿನ ಮೂಲಕ ಒಮ್ಮೆ ಮಾತ್ರ ಮೇಲಕ್ಕೇರಿ, ಪಾಲಿಯುರೆಥೇನ್ ಸ್ಪಂಜಿನ ತುಂಡುಗಳ ಮೂಲಕ ತೊಟ್ಟಿಕ್ಕುತ್ತ ಇಳಿಯುತ್ತದೆ. ಸ್ಪಂಜಿನ ಶೇ. 90ಕ್ಕೂ ಹೆಚ್ಚು ಭಾಗ ಬರಿಯ ಪೊಳ್ಳಾದ್ದರಿಂದ ಬ್ಯಾಕ್ಟೀರಿಯಾ ಅದರ ಒಳಗೂ ಹೊರಗೂ ನೆಲೆಸುತ್ತವೆ. ಇಳಿಯುವ ನೀರು ಸುತ್ತಲಿನ ಗಾಳಿಯಿಂದಲೇ ಆಮ್ಲಜನಕ ಹೀರಿಕೊಳ್ಳುವುದರಿಂದ ಬ್ಲೋವರ್ ಬೇಕಾಗುವುದಿಲ್ಲ. ಕೆಸರು ಸ್ಪಂಜಿನೊಳಗೇ ಬಹುಕಾಲ ಉಳಿದು ಅಲ್ಲಿಯೇ ಕರಗುವುದರಿಂದ ಹೊರತೆಗೆಯಬೇಕಾದ ಪ್ರಮಾಣವೂ ಕಡಿಮೆ. ಜಪಾನಿನ ಹಿದೆಕಿ ಹರಾದಾ ಅವರ ತಂಡ 1990ರ ದಶಕದಲ್ಲಿ ರೂಪಿಸಿದ ಈ ವಿಧಾನವನ್ನು ನಮ್ಮ ದೇಶದಲ್ಲಿ ಹರಿಯಾಣದ ಕರ್ನಾಲ್‌ನಲ್ಲಿ ಪ್ರಯೋಗಿಸಿ ನೋಡಲಾಗಿದೆ.

ನಮ್ಮ ಆಪರೇಟರ್ ಒಂದು ತುಂಡನ್ನು ಹೊರತೆಗೆದು ಅಂಗೈಯಲ್ಲಿ ಹಿಂಡಿ ತೋರಿಸಿದರು. ಕಂದು ಬಣ್ಣದ ರಾಡಿ ಒಸರಿತು. ಆದರೆ ಮೂಗು ಮುಚ್ಚಿಕೊಳ್ಳುವಂಥ ನಾತವಿರಲಿಲ್ಲ, ಹಸಿ ಮಣ್ಣಿನ ವಾಸನೆಯಿತ್ತು. ಕರೆಂಟು ಹೋದಾಗಲೂ ಸ್ಪಂಜು ತೇವ ಹಿಡಿದಿಟ್ಟುಕೊಳ್ಳುವುದರಿಂದ, ಒಂದೆರಡು ಗಂಟೆಯ ಕಡಿತಕ್ಕೆ ಘಟಕ ಕೆಡಲಿಲ್ಲ.

ಇಷ್ಟೆಲ್ಲ ಮೆಚ್ಚಿದ ಮೇಲೆ ದೂರೊಂದನ್ನೂ ಹೇಳಲೇಬೇಕು. ಮಾರಿದವರು "ನಿರ್ವಹಣೆಯ ತಲೆಬಿಸಿಯೇ ಇಲ್ಲ" ಎಂದಿದ್ದರು. ಮೂರನೆಯ ತಿಂಗಳಿಗೆ, ಘಟಕದಿಂದ ಶೌಚಾಲಯದ ಫ್ಲಶ್‌ಗೆ ಬರುವ ನೀರು ಮಂಕಾಯಿತು. ಏಣಿ ಹತ್ತಿ ನೋಡಿದರೆ, ಮೇಲಿನಿಂದ ನೀರು ಹಂಚುವ ತಟ್ಟೆಯ ರಂಧ್ರಗಳಲ್ಲಿ ಅರ್ಧದಷ್ಟು ಕೂದಲಿನಿಂದ ಕಟ್ಟಿಹೋಗಿದ್ದವು. ಒಂದು ಬದಿಯ ಸ್ಪಂಜು ಬಿಸಿಲಿಗೆ ಹರವಿದ ಬಟ್ಟೆಯಂತೆ ಒಣಗಿತ್ತು, ಇನ್ನೊಂದು ಬದಿಯಲ್ಲಿ ನೀರು ನಲ್ಲಿ ಬಿಟ್ಟಂತೆ ಸುರಿಯುತ್ತಿತ್ತು. ಕರೆ ಮಾಡಿದ ಹತ್ತು ದಿನಕ್ಕೆ ಬಂದ ತಂತ್ರಜ್ಞರು ಅದು ನಮ್ಮದೇ ತಪ್ಪೆಂದು ಹೇಳಿ ಹೋದರು. ಈಗ ಆಪರೇಟರ್ ಎರಡು ದಿನಕ್ಕೊಮ್ಮೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ರಂಧ್ರಗಳನ್ನು ಬಿಡಿಸುತ್ತಾರೆ. ಅಂದಿನಿಂದ ನೀರು ತಿಳಿಯಾಗಿದೆ.

ಸ್ಪಂಜು ಎಲ್ಲ ರೋಗಾಣುಗಳನ್ನೂ ತೆಗೆಯುವುದಿಲ್ಲ. ಕ್ಲೋರಿನ್ ಹಾಕುವುದನ್ನು ಬಿಡುವಂತಿಲ್ಲ. ಘಟಕಕ್ಕೆ ಐದು ಐದೂವರೆ ಮೀಟರಿನಷ್ಟು ಎತ್ತರ ಬೇಕೆಂದು ನಮಗೆ ಹೇಳಿದ್ದರು. ಹಾಗಾಗಿ ಬೇಸ್‌ಮೆಂಟಿನಲ್ಲಿ ಜಾಗ ಸಾಲದೆ, ಕಾಂಪೌಂಡಿನ ಮೂಲೆಯಲ್ಲಿದ್ದ ಎರಡು ಕಾರ್ ಪಾರ್ಕಿಂಗ್ ಬಿಟ್ಟುಕೊಟ್ಟೆವು. ಯಂತ್ರ ತರಿಸುವ ಮುನ್ನ ಟೇಪು ಹಿಡಿದು ಸೂರಿನ ಎತ್ತರ ಅಳೆದುಕೊಳ್ಳಿ. ವಾರ್ಷಿಕ ನಿರ್ವಹಣಾ ಕರಾರಿನಲ್ಲಿ ಹಂಚುವ ತಟ್ಟೆಯ ಶುಚಿಯನ್ನು ಬರವಣಿಗೆಯಲ್ಲೇ ಸೇರಿಸಿಕೊಳ್ಳಿ.