ಲಾಯೋಲ್ ಚಾಕು, ಮಲೆನಾಡಿನ ಮಳೆ, ಮತ್ತೆ ಆ ಬಿರಡೆ ಸುರುಳಿ

ಮೊದಲು ಬೈದುಬಿಡುತ್ತೇನೆ. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆಯವರು ಲಾಯೋಲ್ ಅನ್ನುವ ಫ್ರಾನ್ಸಿನ ಮಡಚುವ ಚಾಕುವನ್ನು ಕೊಂಬಿನ ಹಿಡಿಯದ್ದಾದರೆ ತಗೊಳ್ಳಲೇಬೇಡಿ. ಫೋಟೋದಲ್ಲಿ ಅಷ್ಟು ಚಂದ ಹೊಳೆಯುವ ಕೊಂಬು ಜುಲೈನಲ್ಲಿ ತೇವ ಕುಡಿದು ಉಬ್ಬುತ್ತದೆ. ಸಂಕ್ರಾಂತಿ ಹೊತ್ತಿಗೆ ಒಣಗಿ ಅಂಚಿನಲ್ಲಿ ಮೇಲೇಳುತ್ತದೆ. ನನ್ನದರಲ್ಲಿ ಹಿಡಿಯ ಹಿತ್ತಾಳೆಗೂ ಕೊಂಬಿಗೂ ನಡುವೆ ಈಗ ಉಗುರು ಸಿಕ್ಕುವಷ್ಟು ಸಂದಿ. ಜೇಬಿಗೆ ಹಾಕಿದರೆ ನೂಲು ಹಿಡಿದು ಎಳೆಯುತ್ತದೆ. ಮಾರಿದವರಿಗೆ ಬರೆದರೆ ನೈಸರ್ಗಿಕ ವಸ್ತು, ಹಾಗೇ ಆಗೋದು ಅಂತ ಉತ್ತರ. ಸರಿ, ಆದರೆ ಅದನ್ನು ಮಾರುವಾಗಲೇ ಹೇಳಬಹುದಿತ್ತಲ್ವಾ? ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಸುರಿಯುವ ಆಗುಂಬೆ ಮಗ್ಗುಲಲ್ಲಿ ಇರುವವನಿಗೆ ಇದು ಸಣ್ಣ ವಿಷಯ ಅಲ್ಲ.

ಇನ್ನೊಂದು ತಾಪತ್ರಯ ಮನೆಯೊಳಗಿನದು. 'ಎಂತದ್ರ ಕೊಂಬು ಅದು?' ಅಂತ ಅಮ್ಮ ಕೇಳಿದರು. ದನದ್ದು ಎಂದೆ. 'ಹಾಗಾದ್ರೆ ಅಡಿಗೆಮನೆಗೆ ತರಬೇಡ ಮಾರಾಯ.' ಅಲ್ಲಿಗೆ ಇದರ ಜಾಗ ಜಗುಲಿಗೇ ಗೊತ್ತಾಯಿತು. ಮಾವಿನಮಿಡಿ, ತರಕಾರಿ ಎಲ್ಲ ಹೆಚ್ಚಬಹುದು ಅಂದುಕೊಂಡು ತಗೊಳ್ಳುವವರು ಮನೆಯಲ್ಲಿ ಒಂದು ಮಾತು ಕೇಳಿಕೊಳ್ಳಿ.

ಲಾಯೋಲ್ ಅನ್ನುವುದು ಒಂದು ಕಂಪನಿ ಅಲ್ಲ. ಫ್ರಾನ್ಸಿನ ಓಬ್ರಾಕ್ ಎಂಬ ಎತ್ತರದ ಬಯಲಲ್ಲಿ ಆ ಹೆಸರಿನ ಊರಿದೆ, ದನ ಸಾಕುವವರ ಸೀಮೆ. ಈ ಮಾದರಿ 1829ರ ಸುಮಾರಿಗೆ ಅಲ್ಲಿ ಶುರುವಾಯಿತು ಅನ್ನುತ್ತಾರೆ. ಹಿಡಿಯ ಬೆನ್ನಿನ ಮೇಲೆ ಜೇನುನೊಣದ ಗುರುತು ಇರುತ್ತದೆ. ಆದರೆ ಅದೊಂದನ್ನೇ ನಂಬಬೇಡಿ, ಇದೇ ಹೆಸರು ಕೆತ್ತಿ ಎಲ್ಲೆಲ್ಲೋ ಮಾಡಿದ ಅಗ್ಗದ ಚಾಕುಗಳೂ ಬರುತ್ತವೆ. ನನ್ನದು ಅಲಗು, ಚೂಪು ಸೂಜಿ, ಬಿರಡೆ ತೆಗೆಯುವ ಸುರುಳಿ, ಮೂರೂ ಇರುವ ಮಾದರಿ. ದನದ ಹೊಟ್ಟೆ ಉಬ್ಬರಿಸಿದಾಗ ಚುಚ್ಚಿ ಗಾಳಿ ಬಿಡಲಿಕ್ಕೆ ಆ ಸೂಜಿ ಬಳಸುತ್ತಿದ್ದರಂತೆ. ನಮ್ಮ ಕೊಟ್ಟಿಗೆಯಲ್ಲಿ ಅಂಥದ್ದಕ್ಕೆ ಡಾಕ್ಟರನ್ನೇ ಕರೆಯುತ್ತೇವೆ, ನೀವೂ ಹಾಗೇ ಮಾಡಿ.

ಅಲಗು ಕಾರ್ಬನ್ ಸ್ಟೀಲಿನದು. ಮಳೆಗಾಲದಲ್ಲಿ ರಾತ್ರಿ ಒರೆಸದೆ ಬಿಟ್ಟರೆ ಬೆಳಿಗ್ಗೆ ಕೆಂಪು ಚುಕ್ಕಿ ಗ್ಯಾರಂಟಿ. ಆದರೂ ಇದರ ಬಗ್ಗೆ ನನಗೆ ದೂರಿಲ್ಲ, ಯಾಕೆಂದರೆ ಊಟವಾದ ಮೇಲಿನ ಕವಳಕ್ಕೆ ಇಷ್ಟು ಹೊಂದುವ ಅಲಗು ಬೇರೆ ಇಲ್ಲ. ಜಗುಲಿ ಅಂಚಿನಲ್ಲಿ ಕೂತು, ಸುಲಿದ ಹಸಿ ಅಡಿಕೆಯನ್ನು ಹೆಬ್ಬೆರಳಿಗೆ ಒತ್ತಿ ಹಿಡಿದು ಹೋಳು ಮಾಡಿದರೆ ಬೆಳಕು ಕಾಣುವಷ್ಟು ತೆಳುವಾಗಿ ಬರುತ್ತದೆ. ಅದೇ ತುದಿಯಲ್ಲಿ ಎಲೆಯ ತೊಟ್ಟು, ನಾರು ತೆಗೆಯುತ್ತೇನೆ. ಅಡಿಕೆಯ ಚೊಗರು ತಾಗಿ ತಾಗಿ ಅಲಗು ಈಗ ನೀಲಿ ಮಿಶ್ರಿತ ಕಪ್ಪಾಗಿದೆ. ಚೊಗರಿನ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಬರುವ ಬಣ್ಣ ಅದು. ಉಜ್ಜಿ ತೆಗೆಯಬೇಡಿ, ಅದು ಕೂತ ಮೇಲೆ ತುಕ್ಕು ಎಷ್ಟೋ ಕಡಿಮೆ. ಆಮೇಲೆ ಪಂಚೆ ತುದಿಯಲ್ಲಿ ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ, ಬೆರಳಲ್ಲಿ ತಡೆದು ತಡೆದು ಮಡಚಬೇಕು. ಪಟ್ ಅಂತ ಬಿಟ್ಟರೆ ಅಲಗಿನ ಬಾಯಿ ಹೋಗಿ ಒಳಗಿನ ಸ್ಪ್ರಿಂಗಿಗೆ ಬಡಿಯುತ್ತದೆ. ಮಾವ ಒಮ್ಮೆ ಹಾಗೆ ಶಬ್ದ ಮಾಡಿ ಮಡಚಿದ್ದಕ್ಕೆ ಬಿದ್ದ ಕಚ್ಚು ಸಾಣೆಕಲ್ಲಿನಲ್ಲಿ ಎಷ್ಟು ಮಸೆದರೂ ಇನ್ನೂ ಪೂರ್ತಿ ಹೋಗಿಲ್ಲ.

ಹಾಂ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಕಲಸಿದ ನೀರು) ಹದವಾಗಿದೆಯಾ ನೋಡಲು ಚಾಕು ಅದ್ದುತ್ತೇವಲ್ಲ, ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು ಅಂತ, ಅದಕ್ಕೆ ಇದನ್ನು ಅದ್ದಬೇಡಿ. ಅಲಗು ಬೆಳ್ಳಗೆ ಇದ್ದರೇ ಗೊತ್ತಾಗುವುದು, ಕಪ್ಪು ಕೂತ ಮೇಲೆ ಸರಿಯಾಗಿ ತಿಳಿಯುವುದಿಲ್ಲ. ಮನೆಯ ಹಳೇ ಕತ್ತಿ ಸಾಕು.

ಈಗ ಸುರುಳಿ. 1880ರ ಹೊತ್ತಿಗೆ ಇದನ್ನು ಸೇರಿಸಿದರಂತೆ, ಆ ಸೀಮೆಯ ಜನ ಪ್ಯಾರಿಸ್ಸಿಗೆ ಹೋಗಿ ಕೆಫೆಗಳಲ್ಲಿ ದುಡಿಯುತ್ತಿದ್ದ ಕಾಲ. ನಮ್ಮ ಮನೆಯಲ್ಲಿ ಬಿರಡೆ ಇರುವ ಬಾಟಲಿಯೇ ಇಲ್ಲ. ನೋಡಿದವರೆಲ್ಲ ನಗುವವರೇ, ದಂಡಕ್ಕೆ ದುಡ್ಡು ಕೊಟ್ಟೆ ಅಂತ ನನಗೂ ಅನಿಸಿತ್ತು. ಆಮೇಲೆ ಒಂದು ಮಳೆಗಾಲ, ಹೋರಿ ಎಳೆದಾಡಿ ಬಿಗಿದುಕೊಂಡ ಕಣ್ಣಿಯ ಗಂಟು, ನೀರು ಸಗಣಿ ಎಲ್ಲ ಕುಡಿದು ಕಲ್ಲಾಗಿದ್ದದ್ದು, ಬೆರಳಿಗೆ ಬಗ್ಗಲಿಲ್ಲ. ಸುಮ್ನೆ ಸುರುಳಿಯ ತುದಿಯನ್ನು ಎರಡು ಎಳೆಯ ನಡುವೆ ತೂರಿಸಿ ಅರ್ಧ ಸುತ್ತು ತಿರುಗಿಸಿದೆ. ಹಿಡಿ ಅಡ್ಡಕ್ಕೆ ಅಂಗೈಯಲ್ಲಿ ಕೂರುತ್ತದೆ, ಹಾಗೇ ಅಲ್ಲಾಡಿಸುತ್ತ ಎಳೆದರೆ ಒಂದು ಎಳೆ ನಿಧಾನ ಮೇಲೆದ್ದು ಬಂತು. ಹಗ್ಗ ಕತ್ತರಿಸುವ ಕೆಲಸವೇ ಇಲ್ಲ! ಈಗ ಅಡಿಕೆ ಕೊನೆ ಇಳಿಸುವ ಹಗ್ಗ, ಗೊಬ್ಬರದ ಚೀಲದ ಬಾಯಿ, ತಾಡಪಾಲಿನ ದಾರ, ಎಲ್ಲಕ್ಕೂ ಅದೇ. ನನ್ನ ಡಬ್ಬಿಯಲ್ಲಿ ಕೆಂಪು ಹಿಡಿಯ ಸ್ವಿಸ್ ಚಾಕುವೂ ಇದೆ, ಅದರಲ್ಲೂ ಸುರುಳಿ ಇದೆ. ಆದರೆ ಅದರ ಹಿಡಿ 9.1 ಸೆಂ.ಮೀ., ಇದು 12. ಒದ್ದೆ ಕೈಯಲ್ಲಿ ಜೋರು ಹಾಕುವಾಗ ಆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ದುಡ್ಡಿನ ಮಾತು ಬಂದರೆ, ಬರೀ ಕತ್ತರಿಸುವುದಕ್ಕೆ ಇಷ್ಟು ಕೊಡಬೇಕಾಗಿಲ್ಲ, ಊರಿನ ಕುಲುಮೆಯಲ್ಲಿ ಇದರ ಚೂರುಪಾರು ಬೆಲೆಗೆ ಒಳ್ಳೇ ಚಾಕು ಬಡಿದುಕೊಡುತ್ತಾರೆ. ಹಟ್ಟಿ, ತೋಟ, ಹಗ್ಗದ ಕೆಲಸ ಇರುವವರು ಸುರುಳಿ ಇರುವ ಮಾದರಿಯನ್ನೇ ನೋಡಿ, ಹಿಡಿ ಮಾತ್ರ ಮರದ್ದಿರಲಿ. ನಾನೂ ಈ ಸಲ ಅಡಿಕೆ ದುಡ್ಡು ಬಂದ ಮೇಲೆ ಜೂನಿಪರ್ ಮರದ ಹಿಡಿಯದ್ದೊಂದು ತರಿಸುವವನಿದ್ದೇನೆ. ಕೊಂಬಿನದ್ದನ್ನು ಮಾವ ಕೇಳಿದ್ದಾರೆ, ಮೆಲ್ಲಗೆ ಮಡಚುತ್ತೇನೆ ಅಂತ ಒಪ್ಪಿಕೊಂಡರೆ ಕೊಡುತ್ತೇನೆ.