ಇಂಟರ್ನ್‌ಶಿಪ್ ಹುಬ್ಬಳ್ಳಿಯಲ್ಲೋ, ಊರಲ್ಲೋ, ಆನ್‌ಲೈನಲ್ಲೋ?

ಧಾರವಾಡದಲ್ಲಿ ಬಿ.ಕಾಂ. ಓದುವ ಬ್ಯಾಡಗಿಯ ಹುಡುಗಿ ಕೇಳಿದ್ದಾಳೆ: ಕ್ರೆಡಿಟ್‌ಗೆ ಯಾವ ಇಂಟರ್ನ್‌ಶಿಪ್ ಒಳ್ಳೆಯದು?

ಕ್ರೆಡಿಟ್ ಅಂದರೆ ಪದವಿ ಮುಗಿಸಲು ಕೂಡಿಸಬೇಕಾದ ಕಲಿಕೆಯ ಯೂನಿಟ್. ಮೊದಲು ಲೆಕ್ಕ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ ಪ್ರಕಾರ 30 ಗಂಟೆ ಇಂಟರ್ನ್‌ಶಿಪ್‌ಗೆ 1 ಕ್ರೆಡಿಟ್. 2 ಕ್ರೆಡಿಟ್ ಬೇಕಾದರೆ 60 ಗಂಟೆ. ಕ್ರೆಡಿಟ್ ಕೊಡುವುದು ಕಂಪನಿಯಲ್ಲ, ಕಾಲೇಜು. ಅದಕ್ಕೇ ಕೆಲಸಕ್ಕೆ ಸೇರುವ ಮೊದಲೇ ವಿಭಾಗದ ಮುಖ್ಯಸ್ಥರ ಒಪ್ಪಿಗೆ ಪಡೆಯಿರಿ. ನಾನು ಹೀಗೆ ಕೇಳದೆ ಒಂದು ಅಂಗಡಿಯ ಲೆಕ್ಕ ಬರೆದೆ. ಅನುಭವ ಸಿಕ್ಕಿತು, ಕ್ರೆಡಿಟ್ ಸಿಗಲಿಲ್ಲ. ಇವತ್ತಿಗೂ ಬೇಜಾರಿದೆ.

ಖರ್ಚಿನ ವಿಷಯಕ್ಕೆ ಬಂದರೆ ಆನ್‌ಲೈನ್ ಹಗುರ. ಆದರೆ ದುಡ್ಡು ಕಟ್ಟಿಸಿಕೊಂಡು ಸುಮ್ನೆ ಸರ್ಟಿಫಿಕೇಟ್ ಕೊಡುವವರೂ ಇದ್ದಾರೆ, ಹುಷಾರು. ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ ಇದೆ, ಆದರೂ ದಿನಾ ಓಡಾಟ, ಊಟ ಅಂತ ಖರ್ಚಾಗುತ್ತದೆ.

ಕಲಿಕೆಯಲ್ಲಿ ಮಾತ್ರ ಊರನ್ನು ಕಡೆಗಣಿಸಬೇಡಿ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಯಲ್ಲಿ ವ್ಯಾಪಾರಿಗಳು ಬೆಲೆ ಹಾಕುವ ಟೆಂಡರ್, ತೂಕ, ರೈತರಿಗೆ ಕೊಡುವ ಲೆಕ್ಕದ ಪಟ್ಟಿ, ಎಲ್ಲವೂ ಕಣ್ಣೆದುರೇ ನಡೆಯುತ್ತವೆ. ಕಾಮರ್ಸ್ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆ ಪಾಠ ಬೇಕಾ? ಹಾಜರಿ ಬರೆದು, ಸಹಿ ಹಾಕಿ ಕೊಡುವ ಮಾಲೀಕರು ಮಾತ್ರ ಬೇಕು. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಾರ್ಖಾನೆ ಆಫೀಸುಗಳಲ್ಲಿ ಈ ಕಾಗದಪತ್ರ ಸಲೀಸು. ಜಿಎಸ್‌ಟಿ, ಸಂಬಳದ ಲೆಕ್ಕವೂ ಕಲಿಯಬಹುದು.

ಮುಂದೆ ಕಂಪನಿ ಕೆಲಸ ಬೇಕೆಂದರೆ ಹುಬ್ಬಳ್ಳಿ. ಮನೆಯ ವ್ಯಾಪಾರ ನೋಡಿಕೊಳ್ಳುವುದಾದರೆ, ರಜೆಯಲ್ಲಿ ಊರಲ್ಲೇ ಇರುವುದಾದರೆ ಬ್ಯಾಡಗಿ. ಕ್ಲಾಸಿನ ಜೊತೆಗೇ ಸಂಜೆ ಮುಗಿಸಬೇಕಾದವರಿಗೆ ಆನ್‌ಲೈನ್, ಅದೂ ಕಾಲೇಜು ಒಪ್ಪಿದರೆ.