ಪೌರಕಾರ್ಮಿಕರ ಆರೋಗ್ಯ ತಪಾಸಣೆಗೆ ಟೆಂಡರ್ ಕರೆಯುವ ಮುನ್ನ: ನಮ್ಮಲ್ಲಿ ಆದದ್ದು

ನಗರಸಭೆ, ಪುರಸಭೆಗಳ ಆರೋಗ್ಯ ಶಾಖೆಯಲ್ಲಿ ಇರುವವರಿಗಾಗಿ, ಅದರಲ್ಲೂ ಪೌರಕಾರ್ಮಿಕರ ವಾರ್ಷಿಕ ಆರೋಗ್ಯ ತಪಾಸಣೆಯ ಕಡತ ಈ ವರ್ಷ ಮೊದಲ ಬಾರಿಗೆ ಮೇಜಿಗೆ ಬಂದಿರುವ ಹೊಸ ನಿರೀಕ್ಷಕರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಹಿರಿಯ ಆರೋಗ್ಯ ನಿರೀಕ್ಷಕನಾಗಿದ್ದ ನಗರಸಭೆಯೊಂದರಲ್ಲಿ ಈ ಸೇವೆಯನ್ನು ಖಾಸಗಿ ಏಜೆನ್ಸಿಗೆ ಗುತ್ತಿಗೆ ಕೊಟ್ಟು ಮೋಸಹೋದೆವು. ಮೋಸಹೋಗಲು ಬೇಕಾದ ಅನುಕೂಲಗಳನ್ನೆಲ್ಲ ಟೆಂಡರ್ ದಾಖಲೆಯಲ್ಲಿ ನಾವೇ ಬರೆದುಕೊಟ್ಟಿದ್ದೆವು ಎಂಬುದನ್ನೂ ಮೊದಲೇ ಒಪ್ಪಿಕೊಳ್ಳುತ್ತೇನೆ. ಏಜೆನ್ಸಿಯ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ; ಇಂಥ ಕೆಲಸ ಮಾಡುವವರು ವರ್ಷಕ್ಕೊಂದು ಹೆಸರಿನಲ್ಲಿ ಬರುತ್ತಾರಾದ್ದರಿಂದ ಹೆಸರು ಹೇಳಿ ಪ್ರಯೋಜನವೂ ಇಲ್ಲ.

ನಮ್ಮಲ್ಲಿ ಆಗ ಕಾಯಂ ಮತ್ತು ನೇರಪಾವತಿಯವರು (ನಗರಸಭೆಯೇ ನೇರವಾಗಿ ಸಂಬಳ ಕೊಡುವವರು) ಸೇರಿ 214 ಮಂದಿ ಇದ್ದರು. ಹೆಚ್ಚಿನವರು ಬೀದಿ ಗುಡಿಸುವ ಹೆಂಗಸರು, ಉಳಿದವರು ಗಾಡಿಗೆ ಕಸ ತುಂಬುವ ಲೋಡರ್‌ಗಳು ಮತ್ತು ಒಳಚರಂಡಿ ಕೆಲಸದ ಒಂದು ಸಣ್ಣ ತಂಡ. ಆರ್ಥಿಕ ವರ್ಷ ಮುಗಿಯಲು ಎರಡು ತಿಂಗಳೂ ಇಲ್ಲದಿರುವಾಗ ಅನುದಾನ ಖರ್ಚಾಗಿಲ್ಲ ಎಂಬುದು ಮೇಲಿನವರ ಗಮನಕ್ಕೆ ಬಂದು, ಅಲ್ಪಾವಧಿ ಟೆಂಡರ್ ಕರೆಯಲು ಸೂಚನೆ ಬಂತು. ನಾನು ಮಾಡಿದ ಮೊದಲ ತಪ್ಪು ಇಲ್ಲಿಯದು. ಬೇರೊಂದು ಪುರಸಭೆಯ ಹಳೆಯ ಟೆಂಡರ್ ದಾಖಲೆಯನ್ನು ತರಿಸಿಕೊಂಡು, ಊರಿನ ಹೆಸರು ಮತ್ತು ಸಂಖ್ಯೆಗಳನ್ನಷ್ಟೇ ಬದಲಿಸಿ ಮೇಲಕ್ಕೆ ಕಳುಹಿಸಿದೆ. ಹನ್ನೆರಡನೇ ಪುಟದಲ್ಲಿ ಆ ಊರಿನ ಹೆಸರು ಹಾಗೇ ಉಳಿದಿದ್ದದ್ದನ್ನು ಪರಿಶೀಲಿಸಿದ ನಾಲ್ವರಲ್ಲಿ ಒಬ್ಬರೂ ಗಮನಿಸಲಿಲ್ಲ ಎಂದರೆ, ಷರತ್ತುಗಳನ್ನು ಎಷ್ಟು ಓದಿದ್ದೆವು ಎಂಬುದು ನಿಮಗೆ ಅರ್ಥವಾಗಬಹುದು.

ಆ ದಾಖಲೆಯಲ್ಲಿ ಇದ್ದದ್ದು ಪರೀಕ್ಷೆಗಳ ಒಂದು ಉದ್ದನೆಯ ಪಟ್ಟಿ: ರಕ್ತದ ಎಣಿಕೆ, ಸಕ್ಕರೆ, ಕೊಬ್ಬು, ಯಕೃತ್ತು, ಮೂತ್ರಪಿಂಡ, ಥೈರಾಯಿಡ್, ಇಸಿಜಿ, ಎದೆಯ ಎಕ್ಸ್‌ರೇ, ಶ್ವಾಸಕೋಶದ ಸಾಮರ್ಥ್ಯ, ಶ್ರವಣ ಪರೀಕ್ಷೆ, ಹೆಪಟೈಟಿಸ್ ಬಿ ಲಸಿಕೆ. ದರವನ್ನು ತಲೆಗೆ ಇಷ್ಟು ಎಂದು ಕೇಳಿದ್ದೆವು. ಪಾವತಿಯನ್ನು ‘ಸಲ್ಲಿಸಿದ ವರದಿಗಳ ಸಂಖ್ಯೆಗೆ ಅನುಗುಣವಾಗಿ’ ಎಂದು ಬರೆದಿದ್ದೆವು. ಕಾರ್ಯಾದೇಶದ ಅವಧಿ 45 ದಿನ ಎಂದು ನಿಗದಿಪಡಿಸಿದ್ದೆವು. ಈ ಮೂರು ಸಾಲುಗಳಲ್ಲೇ ಮುಂದಿನ ಅನರ್ಥವೆಲ್ಲ ಅಡಗಿತ್ತು. ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಗಾಗಿ 1999ರ ಕಾಯ್ದೆ ಇದೆ, ತಾಂತ್ರಿಕ ಲಕೋಟೆ ಮತ್ತು ಆರ್ಥಿಕ ಲಕೋಟೆ ಎಂಬ ಎರಡು ಹಂತದ ಪದ್ಧತಿಯೂ ಇದೆ. ಆದರೆ ತಾಂತ್ರಿಕ ಲಕೋಟೆಯಲ್ಲಿ ಏನು ಕೇಳಬೇಕೆಂದು ನಮಗೇ ಗೊತ್ತಿಲ್ಲದಿದ್ದರೆ ಕಾಯ್ದೆ ಏನು ಮಾಡೀತು? ವಹಿವಾಟಿನ ಮೊತ್ತ, ಜಿಎಸ್‌ಟಿ ನೋಂದಣಿ, ಇಎಂಡಿ (ಟೆಂಡರ್ ಹಾಕುವಾಗ ಕಟ್ಟುವ ಮುಂಗಡ ಠೇವಣಿ) ಇವುಗಳನ್ನು ನೋಡಿ ಮೂವರನ್ನು ಅರ್ಹರೆಂದು ತೀರ್ಮಾನಿಸಿದೆವು. ಎಲ್-1 (ಅತಿ ಕಡಿಮೆ ದರ ನಮೂದಿಸಿದವರು) ಆದವರ ದರ ಎರಡನೆಯವರ ದರದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚಿತ್ತು. ಅಷ್ಟು ಕಡಿಮೆಗೆ ಹೇಗೆ ಸಾಧ್ಯ ಎಂದು ಲೆಕ್ಕ ಶಾಖೆಯವರೊಬ್ಬರು ಬಾಯಿಮಾತಿನಲ್ಲಿ ಕೇಳಿದರೇ ಹೊರತು ಟಿಪ್ಪಣಿಯಲ್ಲಿ ಬರೆಯಲಿಲ್ಲ; ನಾನೂ ದರ ವಿಶ್ಲೇಷಣೆ ಕೇಳಲಿಲ್ಲ.

ಶಿಬಿರ ನಡೆದದ್ದು ಒಂದು ಕಲ್ಯಾಣ ಮಂಟಪದಲ್ಲಿ, ಒಂದೇ ದಿನ, ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ. ನಮ್ಮವರು ನಸುಕಿಗೇ ಹಾಜರಾತಿ ಹಾಕಿ, ಬೀದಿ ಗುಡಿಸಿ, ಅಲ್ಲಿಯೇ ಕೊಡುವ ಬೆಳಗಿನ ಉಪಾಹಾರದ ಉಪ್ಪಿಟ್ಟು ತಿಂದು ತಂಡತಂಡವಾಗಿ ಬಂದರು. ಹಾಗೆ ಬಂದವರ ರಕ್ತ ತೆಗೆದು, ವರದಿಯಲ್ಲಿ ‘ಖಾಲಿ ಹೊಟ್ಟೆಯ ಸಕ್ಕರೆ’ ಎಂದು ಮುದ್ರಿಸಿದ್ದರು. ಇದು ಸಾಲದೆಂಬಂತೆ, ಆ ರಕ್ತದ ಕೊಳವೆಗಳು ಊಟದ ಹಾಲ್‌ನ ಮೂಲೆಯಲ್ಲಿ ಥರ್ಮೋಕೋಲ್ ಪೆಟ್ಟಿಗೆಯೊಳಗೆ ಸಂಜೆಯವರೆಗೂ ಕುಳಿತಿದ್ದವು. ಸಕ್ಕರೆಗೆ ತೆಗೆದ ರಕ್ತವನ್ನು ಫ್ಲೋರೈಡ್ ಇರುವ ಬೂದು ಮುಚ್ಚಳದ ಕೊಳವೆಗೆ ಹಾಕದೆ, ರಕ್ತಕಣಗಳನ್ನು ಬೇರ್ಪಡಿಸದೆ ಹಾಗೆಯೇ ಇಟ್ಟರೆ ಅದರಲ್ಲಿನ ಗ್ಲೂಕೋಸ್ ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು ಇಳಿಯುತ್ತದೆ. ಜೀವಕೋಶಗಳೇ ಅದನ್ನು ತಿನ್ನುತ್ತವೆ. ನಾನು ಆ ದಿನ ನೋಡಿದ ಕೊಳವೆಗಳಲ್ಲಿ ಬೂದು ಮುಚ್ಚಳದ್ದು ಒಂದೂ ಇರಲಿಲ್ಲ. ಆಗ ನನಗೆ ಬಣ್ಣದ ಅರ್ಥ ಗೊತ್ತಿರಲಿಲ್ಲ, ಆಮೇಲೆ ಜಿಲ್ಲಾ ಆಸ್ಪತ್ರೆಯ ಪ್ರಯೋಗಾಲಯದವರು ಹೇಳಿದ ಮೇಲೆ ತಿಳಿಯಿತು. ಸಕ್ಕರೆ ಕಾಯಿಲೆಗೆ ಎಷ್ಟೋ ವರ್ಷದಿಂದ ಮಾತ್ರೆ ನುಂಗುತ್ತಿದ್ದ, ಕಾರ್ಮಿಕರ ಮೇಲ್ವಿಚಾರಕರಾದ ನಮ್ಮ ದಫೇದಾರರೊಬ್ಬರಿಗೂ ‘ಸಾಮಾನ್ಯ’ ಎಂದೇ ವರದಿ ಬಂದಿತ್ತು. ಅವರು ಖುಷಿಯಿಂದ ಮಾತ್ರೆ ನಿಲ್ಲಿಸಿಬಿಟ್ಟಿದ್ದರು.

ಇನ್ನು ಪ್ರಯೋಗಾಲಯದ ವಿಷಯ. ಟೆಂಡರ್ ಜೊತೆಗೆ, ಪ್ರಯೋಗಾಲಯಗಳ ಗುಣಮಟ್ಟ ಪರಿಶೀಲಿಸುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್ ಮಾನ್ಯತೆಯ ಪ್ರಮಾಣಪತ್ರ ಲಗತ್ತಿಸಿದ್ದರು, ನಾವು ಅದನ್ನು ನೋಡಿ ತೃಪ್ತರಾದೆವು. ಆ ಮಾನ್ಯತೆ ಒಂದು ನಿರ್ದಿಷ್ಟ ವಿಳಾಸದ ಪ್ರಯೋಗಾಲಯಕ್ಕೆ, ಅಲ್ಲಿ ಮಾಡುವ ನಿರ್ದಿಷ್ಟ ಪರೀಕ್ಷೆಗಳಿಗೆ ಮಾತ್ರ ಸಲ್ಲುತ್ತದೆ. ಪ್ರಮಾಣಪತ್ರದೊಂದಿಗೆ ಪರೀಕ್ಷೆಗಳ ವ್ಯಾಪ್ತಿಯ ಅನುಬಂಧವೊಂದು ಇರುತ್ತದೆ, ಅದನ್ನು ಎನ್‌ಎಬಿಎಲ್ ಜಾಲತಾಣದಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದು. ನಾವು ನೋಡಿದ್ದರೆ, ಆ ಮಾನ್ಯತೆ ಬೇರೆ ನಗರದ ಪ್ರಯೋಗಾಲಯದ್ದೆಂದೂ, ನಮ್ಮ ಮಾದರಿಗಳು ಹೋದ ಬಾಡಿಗೆ ಕೋಣೆಗೂ ಅದಕ್ಕೂ ಸಂಬಂಧವಿಲ್ಲವೆಂದೂ ಐದು ನಿಮಿಷದಲ್ಲಿ ತಿಳಿಯುತ್ತಿತ್ತು. ಎಕ್ಸ್‌ರೇ ವಾಹನದ ವಿಷಯದಲ್ಲಿಯೂ ಇದೇ ಕಥೆ. ಯಂತ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು ಎಂಬುದನ್ನು ನಾವು ಕೇಳಿಯೂ ಇರಲಿಲ್ಲ, ಅವರು ತೋರಿಸಿಯೂ ಇರಲಿಲ್ಲ.

ಶ್ವಾಸಕೋಶದ ಪರೀಕ್ಷೆಯನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಧೂಳಿನಲ್ಲಿ ಕೆಲಸ ಮಾಡುವವರಿಗೆ ಅದೇ ಮುಖ್ಯ, ಮತ್ತು ಕಳ್ಳಾಟ ಸುಲಭವಾಗಿ ಸಿಕ್ಕಿಬೀಳುವುದೂ ಅಲ್ಲಿಯೇ. ಸ್ಪೈರೋಮೆಟ್ರಿ ಎಂದರೆ ಎದೆ ತುಂಬ ಉಸಿರೆಳೆದುಕೊಂಡು, ಪೂರ್ತಿ ಖಾಲಿಯಾಗುವವರೆಗೆ, ದೊಡ್ಡವರಾದರೆ ಸುಮಾರು ಆರು ಸೆಕೆಂಡ್, ಬಿರುಸಾಗಿ ಊದಬೇಕು. ಒಂದಕ್ಕೊಂದು ಹೊಂದುವಂಥ ಮೂರು ಸರಿಯಾದ ಊದುವಿಕೆ ಸಿಗುವವರೆಗೆ ಮತ್ತೆಮತ್ತೆ ಊದಿಸಬೇಕು. ಹೇಳಿಕೊಟ್ಟು, ಸುಧಾರಿಸಿಕೊಳ್ಳಲು ಬಿಟ್ಟು, ಸರಿಯಾಗಿ ಮಾಡಿದರೆ ಒಬ್ಬರಿಗೆ ಹತ್ತು ಹದಿನೈದು ನಿಮಿಷ ಬೇಕೇ ಬೇಕು. ನಮ್ಮ ಶಿಬಿರಕ್ಕೆ ಬಂದವರು 196 ಮಂದಿ, ಇದ್ದದ್ದು ಒಂದೇ ಯಂತ್ರ, ಸಮಯ ಆರು ಗಂಟೆ. ಒಬ್ಬೊಬ್ಬರಿಗೆ ಎರಡು ನಿಮಿಷವೂ ಬರುವುದಿಲ್ಲ. ಈ ಭಾಗಾಕಾರವನ್ನು ನಾನು ಆ ದಿನವೇ ಮಾಡಬಹುದಿತ್ತು, ಮಾಡಲಿಲ್ಲ. ಅತಿಥಿಗಳಿಗೆ ಹಾರ ತರಿಸುವುದರಲ್ಲಿ ಮುಳುಗಿದ್ದೆ. ಯಂತ್ರದ ಅಳತೆ ಸರಿಯಿದೆಯೇ ಎಂದು ಪ್ರತಿದಿನ ನೋಡಲು ಮೂರು ಲೀಟರಿನ ಒಂದು ಸಿರಿಂಜ್ ಬಳಸುತ್ತಾರೆ. ಯಂತ್ರ ತಂದವರನ್ನು ‘ಆ ಸಿರಿಂಜ್ ತೋರಿಸಿ’ ಎಂದು ಕೇಳಿ ನೋಡಿ, ಅವರ ಮುಖವೇ ಅರ್ಧ ವರದಿ ಕೊಡುತ್ತದೆ.

ವರದಿಗಳ ಕಟ್ಟು ಬಂದ ಮೇಲೆ ಒಂದು ಮಧ್ಯಾಹ್ನ ಸುಮ್ಮನೆ ತಿರುವಿಹಾಕುತ್ತಿದ್ದಾಗ, ಪ್ರತಿಯೊಬ್ಬರ ಎತ್ತರವೂ 155 ಸೆಂಟಿಮೀಟರ್ ಎಂದಿರುವುದು ಕಣ್ಣಿಗೆ ಬಿತ್ತು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಲೋಡರ್ ಒಬ್ಬನಿಗೂ 155. ಶ್ವಾಸಕೋಶ ಇಷ್ಟು ಹಿಡಿಯಬೇಕು ಎಂಬ ನಿರೀಕ್ಷಿತ ಅಂಕಿಯನ್ನು ಯಂತ್ರ ಲೆಕ್ಕ ಹಾಕುವುದು ವಯಸ್ಸು, ಲಿಂಗ ಮತ್ತು ಎತ್ತರದಿಂದಲೇ ಆದ್ದರಿಂದ, ಎತ್ತರ ಸುಳ್ಳಾದರೆ ಕೆಳಗಿನ ಶೇಕಡಾವಾರೆಲ್ಲ ಸುಳ್ಳು. ‘ಉದ್ಯೋಗ’ ಎಂಬ ಅಂಕಣದಲ್ಲಿ ಎಲ್ಲರಿಗೂ ‘ಕೂಲಿ’ ಎಂದು ತುಂಬಿದ್ದರು. ಆಮೇಲೆ ವರದಿಗಳನ್ನು ಎಣಿಸಿದೆ. ಬಂದವರು 196, ವರದಿಗಳು 214. ಅಂದು ಊರ ಜಾತ್ರೆಗೆ ರಜೆ ಹಾಕಿ ಹೋಗಿದ್ದವನ ಇಸಿಜಿ ಕೂಡ ಅದರಲ್ಲಿ ಇತ್ತು.

ಆ ವಾರ ಒಬ್ಬ ಹಿರಿಯ ಹೆಣ್ಣುಮಗಳನ್ನು ಕೇಳಿದೆ, ಪರೀಕ್ಷೆ ಹೇಗೆ ಮಾಡಿದರಮ್ಮಾ ಎಂದು. “ಊದು ಅಂದ್ರು ಸಾರ್, ಒಂದ್ಸಾರಿ ಊದ್ದೆ, ಕೆಮ್ಮು ಬಂತು. ಆಯ್ತು ಹೋಗಮ್ಮ, ಮುಂದಿನೋರು ಬರ್ಲಿ ಅಂದ್ರು” ಎಂದರು. ಕೆಮ್ಮು ಎಷ್ಟು ದಿನದಿಂದ ಇದೆ ಎಂದು ಅಲ್ಲಿ ಯಾರೂ ಅವರನ್ನು ಕೇಳಿರಲಿಲ್ಲ. ಎಕ್ಸ್‌ರೇ ‘ಸಾಮಾನ್ಯ’, ಕೊನೆಯಲ್ಲಿ ‘ಕೆಲಸಕ್ಕೆ ಯೋಗ್ಯ’ ಎಂಬ ಮೊಹರು. ಎರಡು ತಿಂಗಳ ನಂತರ ಜಿಲ್ಲಾ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿ ಕ್ಷಯ ಎಂದರು. ಅಲ್ಲಿನ ವೈದ್ಯರು ಹಳೆಯ ಎಕ್ಸ್‌ರೇ ಬೇಕೆಂದಾಗ ಏಜೆನ್ಸಿಯವರು ಕಳುಹಿಸಿದ ಚಿತ್ರದ ಮೇಲಿನ ದಿನಾಂಕ ಶಿಬಿರಕ್ಕಿಂತ ಎರಡು ದಿನ ಹಿಂದಿನದಾಗಿತ್ತು. ಆರು ತಿಂಗಳ ಉಚಿತ ಚಿಕಿತ್ಸೆ ಮುಗಿಸಿ ಅವರು ಕೆಲಸಕ್ಕೆ ಮರಳಿದರು. ನಡುವಿನ ಎರಡು ತಿಂಗಳು ಒಂದೇ ಕೋಣೆಯ ಮನೆಯಲ್ಲಿ ಮೊಮ್ಮಕ್ಕಳೊಂದಿಗೆ ಮಲಗಿದ್ದರು ಎಂಬುದು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಲಸಿಕೆಯ ವಿಷಯ ಹೇಳಲು ನಾಚಿಕೆಯಾಗುತ್ತದೆ. ಹೆಪಟೈಟಿಸ್ ಬಿ ಲಸಿಕೆಯನ್ನು ಮೂರು ಬಾರಿ ಕೊಡಬೇಕು: ಮೊದಲನೆಯದರ ನಂತರ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ನಮ್ಮ ಕಾರ್ಯಾದೇಶದ ಅವಧಿಯೇ 45 ದಿನ. ಏಜೆನ್ಸಿ ಪ್ರಾಮಾಣಿಕವಾಗಿದ್ದರೂ ಮೂರನೆಯ ಚುಚ್ಚುಮದ್ದಿಗೆ ಅವರನ್ನು ಕರೆಯುವ ಹಕ್ಕು ನಮಗೆ ಇರಲಿಲ್ಲ. ವಿಂಗಡಿಸದ ಕಸದಲ್ಲಿ ಬಳಸಿದ ಸೂಜಿಗಳು ದಿನವೂ ಕೈಗೆ ಚುಚ್ಚುವ ಲೋಡರ್‌ಗಳಿಗೆ ಈ ಲಸಿಕೆ ಎಷ್ಟು ಅಗತ್ಯ ಎಂದು ವಿವರಿಸಬೇಕಾಗಿಲ್ಲ. ಕೊಟ್ಟ ಒಂದು ಡೋಸನ್ನಾದರೂ 2ರಿಂದ 8 ಡಿಗ್ರಿಯಲ್ಲಿ ಇಟ್ಟಿದ್ದರೇ ಎಂಬುದಕ್ಕೆ ದಾಖಲೆ ಇಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ನಡೆದದ್ದು ವಾಟ್ಸ್‌ಆ್ಯಪ್‌ನಲ್ಲಿ. ಎಲ್ಲರ ಹೆಸರು, ಎದುರಿಗೆ ಎಲ್ಲ ಫಲಿತಾಂಶ ಇದ್ದ ಒಂದೇ ಎಕ್ಸೆಲ್ ಹಾಳೆಯನ್ನು ಏಜೆನ್ಸಿಯ ಹುಡುಗನೊಬ್ಬ ನಮ್ಮ ದಫೇದಾರರ ಗುಂಪಿಗೆ ಹಾಕಿದ. ಲೋಡರ್ ಒಬ್ಬನ ಹೆಸರಿನ ಮುಂದೆ ಹೆಪಟೈಟಿಸ್ ಬಿ ಪಾಸಿಟಿವ್ ಎಂದಿತ್ತು. ಮಧ್ಯಾಹ್ನದೊಳಗೆ ಟಿಪ್ಪರ್ ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ಅವನಿಗೆ ಬೇರೆ ಲೋಟ ಇಟ್ಟಿದ್ದರು. ಈ ಸೋಂಕು ಲೋಟದಿಂದ, ಊಟದಿಂದ ಹರಡುವುದಿಲ್ಲ ಎಂದು ನಾನು ಹೋಗಿ ಅದೇ ಲೋಟದಲ್ಲಿ ಚಹಾ ಕುಡಿದು ತೋರಿಸಿದರೂ ಒಂದು ತಿಂಗಳು ಯಾರೂ ಅವನ ಜೊತೆ ಗಾಡಿ ಹತ್ತಲಿಲ್ಲ. ಹಾಳೆಯಲ್ಲಿ ಎಚ್‌ಐವಿ ಎಂಬ ಅಂಕಣವೂ ಇತ್ತು. ನಾವು ಆ ಪರೀಕ್ಷೆಯನ್ನು ಕೇಳಿರಲೇ ಇಲ್ಲ. ಒಪ್ಪಿಗೆಯಿಲ್ಲದೆ ಆ ಪರೀಕ್ಷೆ ಮಾಡುವುದನ್ನೂ ಫಲಿತಾಂಶ ಬಹಿರಂಗಪಡಿಸುವುದನ್ನೂ 2017ರ ಎಚ್‌ಐವಿ/ಏಡ್ಸ್ ಕಾಯ್ದೆ ನಿಷೇಧಿಸುತ್ತದೆ. ವರದಿಯನ್ನು ಯಾರಿಗೆ, ಯಾವ ರೂಪದಲ್ಲಿ ಕೊಡಬೇಕು ಎಂಬ ಒಂದು ಸಾಲು ನಮ್ಮ ಷರತ್ತುಗಳಲ್ಲಿ ಇರಲಿಲ್ಲ. ಪೂರ್ತಿ ವರದಿ ಕಾರ್ಮಿಕರ ಕೈಗೆ ಮಾತ್ರ ಹೋಗಬೇಕು, ಕಚೇರಿಗೆ ‘ಯೋಗ್ಯ’, ‘ಇಂಥ ಕೆಲಸ ಸದ್ಯಕ್ಕೆ ಬೇಡ’, ‘ಮರುಪರೀಕ್ಷೆ’ ಎಂಬಷ್ಟು ಸಾಕು.

ಮುಂದಿನ ವರ್ಷ ನಾವು ಇಡೀ ಕ್ರಮವನ್ನೇ ಬದಲಿಸಿದೆವು. ದಿನಕ್ಕೆ ಹನ್ನೆರಡು ಮಂದಿಯಂತೆ ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದೆವು. ಮುಗಿಯಲು ಒಂದು ತಿಂಗಳಿಗಿಂತ ಹೆಚ್ಚು ಹಿಡಿಯಿತು, ಫೋಟೊ ತೆಗೆಸಿಕೊಳ್ಳಲು ಅವಕಾಶವಿಲ್ಲವೆಂದು ಕೆಲವರಿಗೆ ಬೇಸರವೂ ಆಯಿತು. ಪರೀಕ್ಷೆಗಳ ಪಟ್ಟಿಯಿಂದ ಥೈರಾಯಿಡ್ ತೆಗೆದು, ಬದಲಿಗೆ ಕೆಲಸದ ಬಗ್ಗೆ ಒಂದು ಪುಟದ ಪ್ರಶ್ನಾವಳಿ ಸೇರಿಸಿದೆವು: ಯಾವ ಬೀಟು, ಒಣ ಕಸವೋ ಹಸಿ ಕಸವೋ, ಮ್ಯಾನ್‌ಹೋಲ್ ಬಳಿ ಕೆಲಸ ಉಂಟೇ, ಸೂಜಿ ಚುಚ್ಚಿದ್ದು ಯಾವಾಗ, ಸೊಂಟ ಮಂಡಿ ಹೇಗಿದೆ, ಮಳೆಗಾಲದಲ್ಲಿ ಜ್ವರ ಬಂದಿತ್ತೇ. ಕೊನೆಯ ಪ್ರಶ್ನೆ ಇಲಿ ಜ್ವರಕ್ಕಾಗಿ. ವೈದ್ಯರಿಗೆ ಈ ಪುಟವೇ ಹೆಚ್ಚು ಉಪಯೋಗವಾಯಿತು. ಖಾಸಗಿಯವರಿಗೆ ಕೊಡಲೇಬೇಕಾದ ಊರುಗಳಲ್ಲಿ, ಔದ್ಯೋಗಿಕ ಆರೋಗ್ಯದ (ಕೆಲಸದಿಂದ ಬರುವ ಕಾಯಿಲೆಗಳ) ಎ.ಎಫ್.ಐ.ಎಚ್. ಎಂಬ ತರಬೇತಿ ಪಡೆದ ವೈದ್ಯರೊಬ್ಬರು ಇರಬೇಕೆಂದು ಕೇಳಿ, ಅವಧಿಯನ್ನು ಒಂದು ವರ್ಷ ಮಾಡಿ, ಹಣದ ಒಂದು ಭಾಗವನ್ನು ತೊಂದರೆ ಕಂಡುಬಂದವರ ಮರುಭೇಟಿ ಮತ್ತು ಮೂರನೆಯ ಲಸಿಕೆ ಮುಗಿಯುವವರೆಗೆ ತಡೆಹಿಡಿಯಿರಿ. ಷರತ್ತು ಬರೆಯುವಾಗ ಗೊಂದಲವಿದ್ದರೆ ನಿಮ್ಮ ಜಿಲ್ಲೆಯ ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯಕೀಯ ವಿಭಾಗದವರನ್ನೋ, ಬೆಂಗಳೂರಿನಲ್ಲಿರುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ ದಕ್ಷಿಣ ಪ್ರಾದೇಶಿಕ ಔದ್ಯೋಗಿಕ ಆರೋಗ್ಯ ಕೇಂದ್ರವನ್ನೋ ಕೇಳಬಹುದು. ನಾವು ಕೇಳಿರಲಿಲ್ಲ.

ಏಜೆನ್ಸಿಯ ಮೇಲೆ ಕ್ರಮ ಏನಾಯಿತು ಎಂದು ಕೇಳುತ್ತೀರಿ. ನಾನು ಟಿಪ್ಪಣಿ ಬರೆಯುವ ಹೊತ್ತಿಗೆ ಮಾರ್ಚ್ ಕೊನೆಯ ವಾರದ ಗಡಿಬಿಡಿಯಲ್ಲಿ 214 ತಲೆಯ ಬಿಲ್ ಪಾಸಾಗಿತ್ತು. ಭದ್ರತಾ ಠೇವಣಿಯನ್ನಷ್ಟೇ ತಡೆಹಿಡಿಯಲು ಸಾಧ್ಯವಾಯಿತು, ಹದಿನೆಂಟು ಸುಳ್ಳು ವರದಿಗಳ ಬಗ್ಗೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬಂದು ಅದು ಇನ್ನೂ ತೀರುವಳಿಯಾಗಿಲ್ಲ. ಕಳೆದ ತಿಂಗಳು ಪಕ್ಕದ ಜಿಲ್ಲೆಯ ಪುರಸಭೆಯ ನಿರೀಕ್ಷಕರೊಬ್ಬರು ಫೋನ್ ಮಾಡಿ, ಅವರಲ್ಲಿ ಬಂದಿರುವ ಟೆಂಡರ್ ಒಂದಕ್ಕೆ ನಮ್ಮ ನಗರಸಭೆಯ ಅನುಭವ ಪ್ರಮಾಣಪತ್ರ ಲಗತ್ತಿಸಿದ್ದಾರೆ, ಅದು ಅಸಲಿಯೇ ಎಂದು ಕೇಳಿದರು. ಪ್ರತಿಯನ್ನು ಕಳುಹಿಸಲು ಹೇಳಿ ತೆರೆದು ನೋಡಿದೆ. ‘ಕೆಲಸವನ್ನು ತೃಪ್ತಿಕರವಾಗಿ ಪೂರೈಸಿರುತ್ತಾರೆ’ ಎಂದಿತ್ತು, ಶಿಬಿರ ನಡೆದು ಆರನೆಯ ದಿನದ ತಾರೀಖು, ಮೂಲೆಯಲ್ಲಿ ನನ್ನ ಕಿರುಸಹಿ. ಅಸಲಿಯೇ ಎಂದು ಅವರಿಗೆ ಹೇಳಿ, ಇಲ್ಲಿ ಬರೆದಿರುವುದನ್ನೆಲ್ಲ ಒಂದು ಪತ್ರದಲ್ಲಿ ಬರೆದು ಸಹಿ ಮಾಡಿ ಕಳುಹಿಸಿದ್ದೇನೆ.